ಹನ್ನೊಂದು ದೊರೆಗಳ ಸಾವಿನ ಕಾಗದ

ನನ್ನ ಕೈಯಲ್ಲಿ ಸತ್ತವರು ಒಟ್ಟು ಹನ್ನೊಂದು ಜನ. ಹತ್ತು ದೊರೆಗಳು, ಒಬ್ಬ ರಾಣಿ. ಅವರ ಪೈಕಿ ಮೂವರನ್ನಾದರೂ ಉಳಿಸಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆಗ ಪುಟದಲ್ಲಿ ಜಾಗ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಮೊಳೆ ಜೋಡಿಸುವ ಕೆಲಸಕ್ಕಿದ್ದೆ. ಮೊಳೆ ಎಂದರೆ ಸೀಸದ ಅಕ್ಷರ. ಗೂಡುಗೂಡಾಗಿದ್ದ ಮರದ ಕೇಸಿನಿಂದ ಒಂದೊಂದೇ ಮೊಳೆ ಹೆಕ್ಕಿ, ಎಡಗೈಯ ಕಬ್ಬಿಣದ ಪಟ್ಟಿಯಲ್ಲಿ ನಿಲ್ಲಿಸಿ ಸಾಲು ಕಟ್ಟಬೇಕು. ಮದುವೆ ಕಾರ್ಡು, ರಸೀದಿ ಪುಸ್ತಕ, ಸಾವಿನ ಕಾರ್ಡು ನಮ್ಮ ಹೊಟ್ಟೆಪಾಡು. ವಾರಕ್ಕೊಮ್ಮೆ ನಾಲ್ಕು ಪುಟದ ಒಂದು ಪತ್ರಿಕೆಯೂ ಹೊರಡುತ್ತಿತ್ತು. ಪ್ರೆಸ್ಸಿನ ಯಜಮಾನರೇ ಅದರ ಸಂಪಾದಕರು, ವರದಿಗಾರರು, ಬಂಡಲ್ ಹೊತ್ತು ಬಸ್ ಸ್ಟ್ಯಾಂಡಿಗೆ ಒಯ್ಯುವವರು. ಮೊದಲ ಪುಟಕ್ಕೆ ಭಾಷಣ, ಎರಡನೆಯದಕ್ಕೆ ವರ್ಗಾವಣೆ ಮತ್ತು ಕಳುವು, ನಾಲ್ಕನೆಯ ಪುಟದ ತುಂಬ ಬೀಜದಂಗಡಿಯ ಜಾಹೀರಾತು: ಒಂದು ದೊಡ್ಡ ಸೂರ್ಯಕಾಂತಿ ಹೂವು, ಅದರ ಕೆಳಗೆ ಎರಡು ಎತ್ತು. ಆ ಚಿತ್ರ ನಾನಿದ್ದಷ್ಟು ವರ್ಷ ಬದಲಾಗಲಿಲ್ಲ. ಮೂರನೆಯ ಪುಟಕ್ಕೆ ಮಾತ್ರ ಏನೂ ಇರುತ್ತಿರಲಿಲ್ಲ.

“ಮೂರನೇ ಪುಟ ಬಾಯಿ ತಕ್ಕೊಂಡು ಕುಂತೈತಿ ನೋಡವ್ವ. ಏನಾರ ತುಂಬು,” ಅಂದರು ಯಜಮಾನರು ಒಂದು ದಿನ.

ತುಂಬಿದೆ. ಹನ್ನೊಂದು ಕೋಟೆಗಳ ಒಂದು ನಾಡನ್ನೇ ಕಟ್ಟಿದೆ. ಗಾಳಿಕೋಟೆ, ಉಪ್ಪಿನಕೋಟೆ, ಬಾಗಿಲೇ ಇಲ್ಲದ ಕೋಟೆ, ಗಿಳಿಗಳು ತೀರ್ಪು ಕೊಡುವ ಕೋಟೆ. ಕಾಗದದ ಮೇಲೆ ಬರೆದುಕೊಳ್ಳುವ ಪದ್ಧತಿ ನನಗಿರಲಿಲ್ಲ. ತಲೆಯಲ್ಲಿ ಬಂದದ್ದನ್ನು ನೇರವಾಗಿ ಮೊಳೆಯಲ್ಲಿ ಕಟ್ಟುತ್ತಿದ್ದೆ. ಅಚ್ಚಾದ ಮರುದಿನ ಮೊಳೆಗಳನ್ನು ಬಿಚ್ಚಿ ಗೂಡಿಗೆ ಹಾಕಿದರೆ ಆಯಿತು, ಆ ದೊರೆಯ ಕಿರೀಟದ ಅಕ್ಷರಗಳೇ ಮುಂದಿನ ವಾರ ಯಾರದೋ ಗೃಹಪ್ರವೇಶಕ್ಕೆ ಬಳಕೆಯಾಗುತ್ತಿದ್ದವು. ಬರೆದವರ ಹೆಸರು ಹಾಕುವ ರೂಢಿಯೂ ಇರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ದೊರೆಗಳು ಹೇಗೆ ಸಾಯುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಅನುಭವದಿಂದ ಹೇಳಬಲ್ಲೆ: ಉಳಿದ ಜಾಗ ನೋಡಿಕೊಂಡು ಸಾಯುತ್ತಾರೆ. ಅರ್ಧ ಪುಟ ಮಿಕ್ಕಿದ್ದರೆ ಯುದ್ಧದಲ್ಲಿ ಬಿದ್ದು, ಮಂತ್ರಿಗೆ ಬುದ್ಧಿ ಹೇಳಿ, ಮಗನ ತಲೆ ಸವರಿ ಸಾಯಲು ಪುರುಸೊತ್ತಿರುತ್ತದೆ. ಬಾಗಿಲಿಲ್ಲದ ಕೋಟೆಯ ದೊರೆಗೆ ಮನುಷ್ಯರಿಂದಲೂ ಮೃಗಗಳಿಂದಲೂ ಸಾವಿಲ್ಲವೆಂದು ವರ ಕೊಟ್ಟಿದ್ದೆ. ಅವನನ್ನು ಕೊಲ್ಲಲು ನಾಲ್ಕು ವಾರದ ಉಪಾಯ ಹೂಡಿದ್ದೆ. ಅಷ್ಟರಲ್ಲಿ ಸೊಸೈಟಿ ಚುನಾವಣೆಯ ಪ್ರಕಟಣೆ ಬಂದು ನಾಲ್ಕು ಸಾಲು ಮಾತ್ರ ಉಳಿಯಿತು. ಜೋಳದ ರೊಟ್ಟಿ ಗಂಟಲಿಗೆ ಸಿಕ್ಕಿ ಸತ್ತ. ರೊಟ್ಟಿ ಮನುಷ್ಯನೂ ಅಲ್ಲ, ಮೃಗವೂ ಅಲ್ಲ ನೋಡಿ.

ಆದರೆ ಎಲ್ಲರಿಗಿಂತ ಮೊದಲು ಸತ್ತವನು ಗಾಳಿಕೋಟೆಯ ದೊರೆ. ಬುರುಜಿನ ತುದಿಯಲ್ಲಿ ನಿಂತು ಗಾಳಿಗೆ ಬೈಯುತ್ತಾನೆ, ಗಾಳಿ ಅವನ ಕಿರೀಟ ಹಾರಿಸುತ್ತದೆ, ಅವನು ಕಿರೀಟದ ಹಿಂದೆ ಹೋಗುತ್ತಾನೆ. ಅಲ್ಲಿಗೆ ಮುಗಿದಿತ್ತು. ಪುಟದ ಕೆಳಗೆ ಅಂಗೈಯಗಲ ಖಾಲಿ ಉಳಿದಿತ್ತು, ಕೊಟ್ಟೂರಿನ ಬಸ್ಸು ಹೊರಡಲು ಹತ್ತು ನಿಮಿಷ ಇತ್ತು. ಪಕ್ಕದ ಹಲಗೆಯ ಮೇಲೆ ಸಾವಿನ ಕಾರ್ಡಿನ ಮೊಳೆ ದಾರದಿಂದ ಬಿಗಿದು ಸದಾ ಸಿದ್ಧವಾಗಿರುತ್ತಿತ್ತು. ಸುತ್ತ ದಪ್ಪನೆಯ ಕಪ್ಪು ಗೆರೆ, ಹೆಸರಿಗೆ ಮಾತ್ರ ಖಾಲಿ ಜಾಗ. ಹೆಸರು ಸೇರಿಸಿ ಇಟ್ಟುಬಿಟ್ಟೆ. ‘ನಮ್ಮ ಪೂಜ್ಯರಾದ ಗಾಳಿಕೋಟೆಯ ದೊರೆಗಳು ನಮ್ಮನ್ನಗಲಿದ ವಿಷಯವನ್ನು ತಿಳಿಸಲು ವಿಷಾದಿಸುತ್ತೇವೆ. ಹನ್ನೊಂದನೆಯ ದಿನ ಸ್ವಗೃಹದಲ್ಲಿ ನಡೆಯುವ ಕಾರ್ಯಕ್ಕೆ ತಾವು ಬಂಧುಮಿತ್ರರೊಂದಿಗೆ ಬಂದು ಪ್ರಸಾದ ಸ್ವೀಕರಿಸಬೇಕಾಗಿ ವಿನಂತಿ.’ ಅವಸರವೇ ಅಪಘಾತಕ್ಕೆ ಕಾರಣ ಎಂದು ಲಾರಿಗಳ ಹಿಂದೆ ಸುಮ್ಮನೆ ಬರೆಯುವುದಿಲ್ಲ.

ಹನ್ನೊಂದನೆಯ ದಿನ ತೆಲಿಗಿಯಿಂದ ಒಬ್ಬ ಹಿರಿಯರು ಪ್ರೆಸ್ಸಿಗೆ ಬಂದರು. ಬಿಳಿ ಧೋತ್ರ, ಹೆಗಲಿಗೆ ಮಡಿಚಿದ ಟವೆಲ್, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಬಂದಿದ್ದರು.

“ಗಾಳಿಕೋಟಿಗೆ ಯಾವ ಬಸ್ಸಮ್ಮ? ಕಂಡಕ್ಟರಿಗೂ ಗೊತ್ತಿಲ್ಲ ಅಂತಾನೆ.”

ಯಜಮಾನರು ಅದು ಕಥೆ ಎಂದು ಬಿಡಿಸಿ ಹೇಳಿದರು. ಹಿರಿಯರು ತಾಳ್ಮೆಯಿಂದ ಕೇಳಿದರು.

“ಕಥೆ ಅಂತ ನನಗೂ ಗೊತ್ತೈತ್ರಿ. ಆದರೂ ಹಿಂಗೆ ಬರ್ರಿ ಅಂತ ಕರೆದ ಮೇಲೆ ಹೋಗದಿದ್ರೆ ಹೆಂಗೆ? ನಾಳೆ ನಮ್ಮನೆಯಾಗೆ ಆದ್ರೆ ಯಾರು ಬರ್ತಾರೆ?”

ಯಜಮಾನರು ಅವರನ್ನು ಹೋಟೆಲಿಗೆ ಕರೆದೊಯ್ದು ಒಗ್ಗಾಣಿ ಮಿರ್ಚಿ ಕೊಡಿಸಿದರು. ಹಿರಿಯರು ಅದನ್ನೇ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿಂದು, ಬಾಳೆಹಣ್ಣನ್ನು ನನ್ನ ಕೈಗಿಟ್ಟು, “ಭಾಳ ಧೈರ್ಯವಂತ ದೊರೆ, ಸಿಟ್ಟೊಂದು ಇರಬಾರದಿತ್ತು,” ಎಂದು ಹೇಳಿ ಹೋದರು. ಆ ವಾರದಿಂದ ಪ್ರತಿ ದೊರೆಯ ಸಾವಿಗೂ ಕಪ್ಪು ಗೆರೆಯ ಕಾರ್ಡು ಹಾಕಲೇಬೇಕೆಂದು ಯಜಮಾನರು ಅಪ್ಪಣೆ ಮಾಡಿದರು. ದೊರೆ ಸತ್ತ ವಾರ ಪತ್ರಿಕೆ ಒಂದೂ ಮಿಗುತ್ತಿರಲಿಲ್ಲ. ಕಾಗದಗಳು ಬರತೊಡಗಿದವು. ಉಪ್ಪಿನ ರಾಣಿಯನ್ನು ಹೂಳಿದಿರೋ ಸುಟ್ಟಿರೋ ಎಂದು ಕೂಡ್ಲಿಗಿಯಿಂದ ಒಬ್ಬರು ಕೇಳಿದರು. ಅವಳು ಯಾವ ಪೈಕಿ ಎಂದು ತಿಳಿಯುವ ಹವಣಿಕೆ ಅದು. ಉಪ್ಪಿನವಳು, ಮಳೆಯಲ್ಲಿ ಕರಗಿದಳು, ಹೂಳಲು ಸುಡಲು ಏನೂ ಉಳಿಯಲಿಲ್ಲ ಎಂದು ಉತ್ತರ ಹಾಕಿದೆ. ನನಗೆ ಆ ವಾರ ಬಹಳ ಖುಷಿಯಾಗಿತ್ತು.

ಇನ್ನು ನಮ್ಮ ಅಪ್ಪನ ವಿಷಯ ಹೇಳಬೇಕು. ನಮ್ಮದು ಕೂಡ್ಲಿಗಿ ದಾರಿಯ ಒಂದು ಹಳ್ಳಿ. ಊರಲ್ಲಿ ಯಾರೇ ಸತ್ತರೂ ಸುತ್ತಲಿನ ಊರುಗಳ ನೆಂಟರಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆತನದ ಪಾಲಿಗೆ ಬಂದ ಕೆಲಸ. ಉಳಿದ ದಿನ ಕೂಲಿ. ಅಪ್ಪ ಉಜ್ಜಿನಿ, ಕೊಟ್ಟೂರು, ಹಡಗಲಿ ಕಡೆಗೆಲ್ಲ ನಡೆದೇ ಹೋಗುತ್ತಿದ್ದ. ಸುದ್ದಿಯವನು ಹೊಸ್ತಿಲು ದಾಟಬಾರದು. ಹೊರಗೆ ನಿಂತು, ಇಂಥವರು ಹೋದರು ಎಂದು ದೊಡ್ಡ ದನಿಯಲ್ಲಿ ಹೇಳಿ, ಉಡಿಗೆ ಹಾಕಿದ ಜೋಳ ಕಟ್ಟಿಕೊಂಡು ತಿರುಗಬೇಕು. ಆ ಸೀಮೆಯ ನೂರಾರು ಮನೆಗಳ ಹೊಸ್ತಿಲು ಅಪ್ಪನಿಗೆ ಗೊತ್ತಿತ್ತು, ಒಂದರ ಒಳಗೂ ಗೊತ್ತಿರಲಿಲ್ಲ. ಅದಕ್ಕೆ ಒಂದು ಕಾರಣ ಸುದ್ದಿ, ಇನ್ನೊಂದು ಕಾರಣ ನಮ್ಮ ಕೇರಿ. ಯಾವ ಮನೆಯಲ್ಲಿ ಯಾವ ಕಾರಣ ಎಂದು ಅವನು ಕೇಳಿದವನಲ್ಲ. ನನಗೆ ಅದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಕಾರ್ಡುಗಳು ಬಂದ ಮೇಲೆ ಅಪ್ಪನ ನಡಿಗೆ ಕಡಿಮೆಯಾಯಿತು. “ನನ್ನ ಕಾಲಿಗೆ ನೀನು ರಜಾ ಕೊಟ್ಟಿ ನೋಡವ್ವ,” ಎಂದು ನಗುತ್ತಿದ್ದ. ಆದರೆ ಸಾವಿನ ಕಾಗದದ ನೇಮವನ್ನು ಅವನಷ್ಟು ಬಿಗಿಯಾಗಿ ಹಿಡಿದವರನ್ನು ನಾನು ಕಂಡಿಲ್ಲ. ನಮ್ಮ ಕಡೆ ಸಾವಿನ ಕಾಗದವನ್ನು ಮನೆಯೊಳಗೆ ತರುವುದಿಲ್ಲ. ಹೊರಗೇ ಓದಿ, ಅಲ್ಲೇ ಹರಿದು ಹಾಕಿ, ಕಾಲು ತೊಳೆದು ಒಳಗೆ ಹೋಗಬೇಕು. ಇಟ್ಟುಕೊಂಡರೆ ಸಾವನ್ನು ಇಟ್ಟುಕೊಂಡಂತೆ. ಪತ್ರಿಕೆಯಲ್ಲಿ ಕಪ್ಪು ಗೆರೆ ಕಂಡ ವಾರ ಅಪ್ಪ ಬಾಗಿಲ ಹೊರಗೆ ಬೇವಿನ ಮರದ ಬುಡದಲ್ಲಿ ನಿಲ್ಲುತ್ತಿದ್ದ. ನಾಲ್ಕನೆಯ ಇಯತ್ತೆಯ ಓದು. ಒಂದೊಂದೇ ಅಕ್ಷರ ಕೂಡಿಸಿ, ಒಳಗಿದ್ದ ಅವ್ವನಿಗೆ ಕೇಳುವಂತೆ ಓದುತ್ತಿದ್ದ. ಕೊನೆಗೆ ತನ್ನ ಹಳೆಯ ದನಿ ತೆಗೆದು, “ಗಾಳಿಕೋಟಿ ದೊರಿ ಹೋಗ್ಯಾರಂತ್ರೀ!” ಎಂದು ಕೂಗಿ, ಆ ಹಾಳೆಯನ್ನು ನಾಲ್ಕು ಚೂರು ಮಾಡಿ, ಕಾಲು ತೊಳೆದು ಬರುತ್ತಿದ್ದ. ಕೇರಿಯವರು ಹೊರಗೆ ಬಂದು, ಯಾರಂತೆ, ಯಾವಾಗಂತೆ ಎಂದು ವಿಚಾರಿಸುತ್ತಿದ್ದರು.

ಅವ್ವನಿಗೆ ಓದು ಬರುತ್ತಿರಲಿಲ್ಲ. ಕಥೆಯ ಬಗ್ಗೆ ಅವಳು ಒಂದು ಮಾತೂ ಆಡಿದವಳಲ್ಲ. ಹನ್ನೊಂದು ಸಲವೂ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು, ಅಷ್ಟೇ. ಇವಳಿಗೆ ಇದೆಲ್ಲ ಹುಚ್ಚು ಅನ್ನಿಸಿರಬೇಕು ಎಂದುಕೊಂಡು ನಾನು ಒಳಗೊಳಗೇ ಮುನಿಸಿಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಊರಿಗೆ ಕಂಪ್ಯೂಟರ್ ಅಚ್ಚು ಬಂತು. ಸೀಸದ ಮೊಳೆ ಯಾರಿಗೂ ಬೇಡವಾಯಿತು. ಯಜಮಾನರು ಪ್ರೆಸ್ಸು ಮುಚ್ಚುವುದೆಂದು ತೀರ್ಮಾನಿಸಿದರು. ಮುಚ್ಚುವ ಮುಂಚೆ ನನ್ನನ್ನು ಕರೆದರು.

“ಮೊಳೆ ಕರಗಿಸಾಕ ಕೊಡೂಕಿಂತ ಮೊದಲ ನಿನ್ನ ಕಥಿ ಪುಸ್ತಕ ಮಾಡೂನು. ನಿನ್ನ ಹೆಸರು ಹಾಕಿ. ಎಲ್ಲಾ ವಾರದ್ದೂ ಕೂಡಿಸಿಕೊಂಡು ಬಾ. ಒಂದು ತಿಂಗಳು ಟೈಮ್ ಐತಿ.”

ನನಗೆ ಕಣ್ಣು ತುಂಬಿ ಬಂತು. ಗೋಡೆಯ ಗೂಟಕ್ಕೆ ಸಿಕ್ಕಿಸಿದ್ದ ಪ್ರೆಸ್ಸಿನ ಹಳೆಯ ಪತ್ರಿಕೆಗಳ ಕಟ್ಟನ್ನು ಇಳಿಸಿ ನೋಡಿದೆ. ಪಟ್ಟಾಭಿಷೇಕ ಇತ್ತು, ಬೇಟೆ ಇತ್ತು, ಗಿಳಿಗಳ ತೀರ್ಪು ಇತ್ತು. ಸಾವಿನ ವಾರ ಒಂದೂ ಇರಲಿಲ್ಲ.

“ನಾನ ಹರದೀನವ್ವ,” ಅಂದರು ಯಜಮಾನರು ನೆಲ ನೋಡುತ್ತ. “ಅಂಗಡ್ಯಾಗ ಸಾವಿನ ಕಾಗದ ಇಟ್ಕೊಳ್ಳೂದು ಚಲೋ ಅಲ್ಲ ಅಂತ.”

ತಾವೇ ಅಪ್ಪಣೆ ಮಾಡಿ ಹಾಕಿಸಿದ ಕಾರ್ಡಿಗೆ ತಾವೇ ಹೆದರಿದ ಮನುಷ್ಯ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ದೊರೆಗಳೆಲ್ಲ ಗುಂಡುಕಲ್ಲಿನ ಹಾಗೆ ಬದುಕಿದ್ದರು. ಒಬ್ಬ ಸಾಯದೆ ಇನ್ನೊಬ್ಬನಿಗೆ ಪಟ್ಟವಿಲ್ಲ, ಪಟ್ಟವಿಲ್ಲದೆ ಕಥೆಯಿಲ್ಲ. ಹೊಸದಾಗಿ ಕಟ್ಟಲು ಕೂತೆ. ಬರಲಿಲ್ಲ. ಬಸ್ಸಿನ ಹಾರ್ನು ಕಿವಿಯಲ್ಲಿ ಇದ್ದಾಗ ಸತ್ತ ದೊರೆಗಳು ಪುರುಸೊತ್ತಿನಲ್ಲಿ ಸಾಯಲು ಒಪ್ಪಲಿಲ್ಲ. ಹನ್ನೊಂದು ಸಾವು ಎಲ್ಲಿಂದಲಾದರೂ ತರಲೇಬೇಕಿತ್ತು, ಇಲ್ಲದಿದ್ದರೆ ನನ್ನ ಹೆಸರಿನ ಪುಸ್ತಕ ಎಂಬುದು ಈ ಜನ್ಮದಲ್ಲಿ ಇರಲಿಲ್ಲ.

ಕೊಟ್ಟೂರಿಗೆ ಹೋದೆ. ಪತ್ರಿಕೆಯನ್ನು ತಪ್ಪದೆ ತರಿಸುತ್ತಿದ್ದ ಹೋಟೆಲಿನವರು, “ಅಯ್ಯ, ಹರದು ಒಗದ್ವಲ್ರಿ! ಆನಿ ಮ್ಯಾಲಿಂದ ಬಿದ್ದ ದೊರಿ ಹೋದಾಗ ಎರಡು ತಾಸು ಅಂಗಡಿ ಮುಚ್ಚಿದ್ವಿ,” ಎಂದರು. ಉಜ್ಜಿನಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಕಾಗದವಿಲ್ಲದಿದ್ದರೂ ನೆನಪಿದೆ ಎಂದು ಧೈರ್ಯ ಹೇಳಿ ಕೂರಿಸಿದರು. ಅವರ ನೆನಪಿನಲ್ಲಿ ಗಾಳಿಕೋಟೆಯ ದೊರೆ ಬುರುಜಿನಿಂದ ಬಿದ್ದೇ ಇರಲಿಲ್ಲ. ಹಿರಿಯ ಮಗ ಬೇರೆ ಒಲೆ ಹೂಡಿದ ಸಂಕಟಕ್ಕೆ ಊಟ ಬಿಟ್ಟು ಸತ್ತಿದ್ದ. ಹೇಳುತ್ತ ಹೇಳುತ್ತ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಹಡಗಲಿಯಲ್ಲಿ ಮಲ್ಲಿಗೆ ಮಾರುವ ಮುದುಕಿ, ಉಪ್ಪಿನ ರಾಣಿ ಹೆರಿಗೆಯಲ್ಲಿ ಹೋದಳು, ದವಾಖಾನೆಯ ಜೀಪು ತಡವಾಯಿತು ಎಂದಳು.

“ಇಲ್ಲಬೇ ಅಜ್ಜಿ, ಆಕಿ ಮಳಿಯಾಗ ಕರಗಿದ್ಲು. ನಾನ ಬರದೀನಿ,” ಎಂದೆ.

“ನಿನಗೇನು ಗೊತ್ತು? ನನ್ನ ಮೊಮ್ಮಗಳು ಓದೂವಾಗ ನಾನ ಕಿವಿಯಾರೆ ಕೇಳೀನಿ.”

ತಿಂಗಳು ಮುಗಿಯಲು ವಾರವಿತ್ತು. ಬರಿಗೈಯಲ್ಲಿ ಮನೆಗೆ ಬಂದೆ. ಅಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನ ಸಿಟ್ಟೆಲ್ಲ ಅವನ ಮೇಲೆ ತಿರುಗಿತು.

“ನೀನಾರ ಇಟ್ಟಿರಬಾರದಾ? ನಿನ್ನ ಮಗಳು ಬರದಿದ್ದಲ್ಲ ಅದು? ಮಂದಿ ಹರದಂಗ ನೀನೂ ಹರದಿ.”

“ನಾನು ಹರೀದಿದ್ರ ಯಾರು ಹರೀಬೇಕವ್ವ? ಹುಟ್ಟಿದಾಗಿಂದ ಅದ ಕೆಲಸ ಮಾಡೀನಿ,” ಅಂದ ಅಪ್ಪ. ಅವನ ಮುಖ ಸಣ್ಣದಾಯಿತು. ಹಾಗೆ ಅನ್ನಬಾರದಿತ್ತು ಎಂದು ನನಗೆ ಆಗಲೇ ಗೊತ್ತಾಯಿತು.

ಅವ್ವ ಒಲೆಯ ಮುಂದಿನಿಂದ ಎದ್ದಳು. ಹಿತ್ತಲಿನ ಆಡಿನ ಗೂಡಿಗೆ ಹೋಗಿ, ಮಾಡಿಗೆ ನೇತುಹಾಕಿದ್ದ ಒಂದು ತಗಡಿನ ಡಬ್ಬಿ ತಂದು, ಅಂಗಳದಲ್ಲೇ ನನ್ನ ಮುಂದೆ ಇಟ್ಟಳು. ಒಳಗೆ ಹನ್ನೊಂದು ಹಾಳೆಗಳಿದ್ದವು. ನಾಲ್ಕು ನಾಲ್ಕು ಚೂರುಗಳನ್ನು ಅಂಟಿಸಿದ ಹಾಳೆಗಳು.

“ನೀ ಬರದಿದ್ದು. ಬೇವಿನ ಗಿಡದ ಬುಡಕ ಬಿದ್ದದ್ದು ಹಂಗ ಬಿಡಾಕ ಮನಸ ಬರಲಿಲ್ಲ,” ಅಂದಳು. “ಆರಿಸಿ ಆರಿಸಿ ಚೀಲದಾಗ ಇಟ್ಟಿದ್ದೆ. ಹೋದ ಶ್ರಾವಣದಾಗ ಕೆಲಸ ಇರಲಿಲ್ಲ, ಕುಂತು ಜೋಡಿಸೀನಿ. ಮನಿಯೊಳಗೇನು ತಂದಿಲ್ಲ ಮತ್ತ.” ಕೊನೆಯ ಮಾತು ಅಪ್ಪನಿಗೆ.

ಒಂದು ಹಾಳೆ ಎತ್ತಿಕೊಂಡೆ. ಅಕ್ಷರ ಬಾರದವಳು ಹೇಗೆ ಜೋಡಿಸಿದಳು ಎಂದು ತಿರುಗಿಸಿ ನೋಡಿದೆ. ಹಿಂದೆ ಸೂರ್ಯಕಾಂತಿ ಹೂವು, ಎರಡು ಎತ್ತು. ಅವ್ವ ಚಿತ್ರ ನೋಡಿ ಜೋಡಿಸಿದ್ದಳು. ಹೂವು ದುಂಡಗೆ ಕೂಡಿತ್ತು, ಎತ್ತುಗಳ ಕೊಂಬು ಕೊಂಬಿಗೆ ಸರಿಯಾಗಿತ್ತು. ಅಂಚು ಹೊಂದದ ಕಡೆ ಕತ್ತರಿಯಿಂದ ಸವರಿ ಹೊಂದಿಸಿದ್ದಳು. ಅಕ್ಷರಕ್ಕೆ ಅಂಟು ತಾಗಬಾರದೆಂದು ಚಿತ್ರದ ಕಡೆಗೇ ಗಂಜಿ ಹಚ್ಚಿ ಕಾಗದದ ಪಟ್ಟಿ ಅಂಟಿಸಿದ್ದಳು. ಆದರೆ ಹನ್ನೊಂದು ವಾರವೂ ಒಂದೇ ಹೂವು, ಅವೇ ಎತ್ತು. ಯಾವ ವಾರದ ಮೇಲಿನ ಚೂರು ಯಾವ ವಾರದ ಕೆಳಗಿನ ಚೂರಿಗೆ ಸೇರಿದರೂ ಚಿತ್ರ ಸರಿಯಾಗಿಯೇ ಬರುತ್ತಿತ್ತು.

ಅಕ್ಷರದ ಕಡೆ ತಿರುಗಿಸಿ ಓದಿದೆ. ಉಪ್ಪಿನ ರಾಣಿ ಮಳೆಗೆ ಮುಖವೊಡ್ಡಿ ನಿಂತಳು. ಅವಳ ಬೆರಳುಗಳು ಕರಗತೊಡಗಿದವು. ಅಷ್ಟರಲ್ಲಿ ಆನೆ ಬೆಚ್ಚಿ ಮುಂಗಾಲೆತ್ತಿತು. ಮೇಲಿನಿಂದ ಜಾರುತ್ತಿರುವಾಗಲೇ ಗಿಳಿ ಹಾರಿ ಬಂದು, ಹಾಲಿಗೆ ವಿಷ ಬೆರೆಸಿದ್ದು ತಾನೇ ಎಂದು ಒಪ್ಪಿಕೊಂಡಿತು. ಆಗ ಬಾಯಲ್ಲಿದ್ದ ರೊಟ್ಟಿ. ಅಲ್ಲಿಗೆ ಕತ್ತರಿ ಸವರಿದ ಅಂಚು. ಇನ್ನೊಂದು ಹಾಳೆಯಲ್ಲಿ ವಿಷ ಕುಡಿದ ದೊರೆ ಕಿರೀಟದ ಹಿಂದೆ ಹಾರಿ, ಬೀಳುವಷ್ಟರಲ್ಲಿ ಯುದ್ಧಭೂಮಿಯಲ್ಲಿ ಮಗನ ತಲೆ ಸವರುತ್ತಿದ್ದ. ಮಗ ಯಾರವನೋ. ಓದುತ್ತ ಓದುತ್ತ ನನಗೆ ನಗು ತಡೆಯಲಾಗಲಿಲ್ಲ. ಕಣ್ಣಿನಿಂದ ನೀರೂ ಸುರಿಯುತ್ತಿತ್ತು.

“ಸರಿ ಜೋಡಿಸೀನಿಲ್ಲ?” ಎಂದಳು ಅವ್ವ. ಅವಳ ದನಿಯಲ್ಲಿ ಹೆದರಿಕೆಯಿತ್ತು.

“ಸರಿ ಜೋಡಿಸಿಯಬೇ,” ಎಂದೆ.

ಚೂರುಗಳನ್ನು ನೋಡಿಕೊಂಡು ನನ್ನ ಹಳೆಯ ಕಥೆಯನ್ನೇ ಮತ್ತೆ ಕಟ್ಟಬಹುದಿತ್ತು. ಎರಡು ದಿನದ ಕೆಲಸ. ಮಾಡಲಿಲ್ಲ. ಅವ್ವ ಹೊಂದಿಸಿದ ಸಾಲಿನಲ್ಲೇ, ಅವಳ ಕತ್ತರಿ ನಿಂತಲ್ಲೇ ನಿಲ್ಲಿಸಿ, ಹನ್ನೊಂದು ಹಾಳೆಯನ್ನೂ ಮೊಳೆಯಲ್ಲಿ ಕಟ್ಟಿದೆ. ಯಜಮಾನರು ಕರಡು ಓದಿ ಬೆವರೊರೆಸಿಕೊಂಡರು.

“ಏನವ್ವ ಇದು? ಆನಿಯಿಂದ ಬಿದ್ದಾಕಿ ಗಂಟಲಾಗ ರೊಟ್ಟಿ ಹೆಂಗ ಬಂತು?”

“ದೊರಿಗಳ ಸಾವು ಹಿಂಗ ಇರ್ತಾವ್ರಿ. ನಮ್ಮ ನಿಮ್ಮ ಸಾವಿನಂಗ ಅಲ್ಲ.”

ಅವರು ಕರಡನ್ನು ಇನ್ನೊಮ್ಮೆ ತಿರುವಿ, ಇರಬಹುದು ಎಂದರು. ಕೊನೆಯ ಪುಟಕ್ಕೆ ನಾನು ಕೇಳಿದೆನೆಂದು ಸೂರ್ಯಕಾಂತಿಯ ಅಚ್ಚನ್ನೂ ಹಾಕಿಕೊಟ್ಟರು. ಮರುವಾರ ಮೊಳೆಗಳು ಮೂಟೆಯಲ್ಲಿ ಹೋದವು.

ಪುಸ್ತಕ ತಂದ ದಿನ ಅಪ್ಪ ಅದನ್ನು ನನ್ನ ಕೈಯಿಂದ ಅಂಗಳದಲ್ಲೇ ತೆಗೆದುಕೊಂಡ. ಹನ್ನೊಂದು ಸಾವಿನ ಪುಸ್ತಕ, ಒಳಗೆ ಬರುವಂತಿರಲಿಲ್ಲ. ಮುಖಪುಟದ ಮೇಲಿನ ನನ್ನ ಹೆಸರನ್ನು ಬೆರಳಿಟ್ಟು ಓದಿದ. ಬೇವಿನ ಬುಡದಲ್ಲಿ ನಿಂತು ಪುಟ ತೆರೆದ. ದಿನಾ ಸಂಜೆ ಒಬ್ಬೊಬ್ಬ ದೊರೆಯಂತೆ ಹನ್ನೊಂದು ಸಂಜೆ ನಿಂತೇ ಓದಿದ. ಒಂದು ಸಲವೂ ಕೂಗಲಿಲ್ಲ. ಓದಿದ ಮೇಲೆ ಪುಸ್ತಕವನ್ನು ಆಡಿನ ಗೂಡಿನ ಡಬ್ಬಿಯಲ್ಲಿಟ್ಟು, ಕಾಲು ತೊಳೆದು ಒಳಗೆ ಬಂದು ಉಣ್ಣುತ್ತಿದ್ದ. ಓದು ಮುಗಿದ ದಿನ ಅವನು ಇದನ್ನು ಹರಿಯುತ್ತಾನೆ ಎಂದು ನನಗೆ ಖಾತ್ರಿಯಿತ್ತು. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಒಮ್ಮೆ ಅವನನ್ನು ನೋಯಿಸಿದ್ದು ಸಾಕಾಗಿತ್ತು.

ಹನ್ನೊಂದನೆಯ ಸಂಜೆ ಅಪ್ಪ ಕೊನೆಯ ಪುಟ ಮುಚ್ಚಿದ. ಅವ್ವ ರೂಢಿಯಂತೆ ಬಾಗಿಲಿಗೆ ನೀರಿನ ಚೊಂಬು ತಂದಿದ್ದಳು. ಪಕ್ಕದಲ್ಲಿ ನಾನಿದ್ದೆ.

“ಏನ ನೋಡವ್ವ,” ಎಂದ ಅಪ್ಪ, ಐವತ್ತು ವರ್ಷ ಸಾವು ಹೊತ್ತು ತಿರುಗಿದವನ ಗಾಂಭೀರ್ಯದಲ್ಲಿ. “ಹನ್ನೊಂದೂ ಮಂದೀನ ನೋಡಿದೆ. ಒಬ್ಬಾಕಿ ಕರಗಾಕ ಹತ್ತಿದ್ಲು, ಪೂರಾ ಕರಗಲಿಲ್ಲ. ಒಬ್ಬಾವ ಬಿದ್ದ, ನೆಲ ಮುಟ್ಟಲಿಲ್ಲ. ವಿಷ ಕುಡದಾವ ಲಡಾಯಿ ಮಾಡಾಕ ಹತ್ಯಾನ. ಇದರಾಗ ಒಬ್ರೂ ಪೂರಾ ಸತ್ತಿಲ್ಲ.”

ಪುಸ್ತಕವನ್ನು ಎದೆಗೆ ಹಿಡಿದು ಹೊಸ್ತಿಲ ಬಳಿ ಬಂದ. ಅವ್ವ ಚೊಂಬು ಮುಂದೆ ಮಾಡಿ, “ಕಾಲು ತೊಳ್ಕೋರಿ,” ಎಂದಳು.

“ಯಾಕ?” ಎಂದ ಅಪ್ಪ. “ಯಾರು ಸತ್ತಾರ?”

ಎಂದವನೇ ತಲೆ ಬಗ್ಗಿಸಿ ಒಳಗೆ ಬಂದ.